ಶೈತ್ಯದ ಎದುರು ಮನುಷ್ಯದೇಹ



ಮನುಷ್ಯ ಮೂಲತಃ ಉಷ್ಣವಲಯದ ಪ್ರಾಣಿ. ಆತನ ದೇಹದ ಒಳಭಾಗದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 35 ಡಿಗ್ರಿಗಿಂತ ಕೆಳಗಿಳಿದ ಸ್ಥಿತಿಯನ್ನು ವೈದ್ಯರು ಹೈಪೊಥರ್ಮಿಯ ಎನ್ನುತ್ತಾರೆ.

ಚಳಿ ತಾಕಿದೊಡನೆ ಚರ್ಮದ ರಕ್ತನಾಳಗಳು ಸಂಕುಚಿತವಾಗುತ್ತವೆ. ಬೆರಳು, ಕಿವಿ, ಮೂಗುಗಳನ್ನು ತೆತ್ತಾದರೂ ಹೃದಯ ಮತ್ತು ಮಿದುಳನ್ನು ಉಳಿಸಿಕೊಳ್ಳುವುದು ದೇಹದ ಕ್ರಮ. ಸ್ನಾಯುಗಳು ನಡುಗಿ ಶಾಖವನ್ನು ಉತ್ಪಾದಿಸುತ್ತವೆ. ಈ ನಡುಕಕ್ಕೆ ಇಂಧನವಾಗಿ ಆಹಾರ ಬೇಕು. ಒಳ ಉಷ್ಣತೆ 30 ಡಿಗ್ರಿಯ ಆಸುಪಾಸಿಗೆ ಇಳಿದಾಗ ನಡುಕವೂ ನಿಲ್ಲುತ್ತದೆ. ಅದು ಚಳಿ ಕಳೆದುದರ ಲಕ್ಷಣವಲ್ಲ, ಒಲೆ ಆರುತ್ತಿರುವುದರ ಸೂಚನೆ.

ಸಸ್ಯಗಳಲ್ಲಿ ಬೇರೆ ಬಗೆಯ ಸಿದ್ಧತೆಯಿದೆ. ಶೀತದೇಶಗಳ ಚಳಿಗಾಲದ ಗೋಧಿಯು ವಾರಗಟ್ಟಲೆ ತಂಪಿಗೆ ಒಗ್ಗಿಕೊಂಡು, ಕೋಶಗಳ ನಡುವೆ ಮಂಜುಗಡ್ಡೆ ಕಟ್ಟಿದರೂ ಬದುಕುತ್ತದೆ. ಮನುಷ್ಯನಿಗೆ ಈ ಶಕ್ತಿಯಿಲ್ಲ. ಹೆಪ್ಪುಗಟ್ಟಿದ ಬೆರಳಿನಲ್ಲಿ ಮಂಜಿನ ಹರಳುಗಳು ಕೋಶಗಳ ನೀರನ್ನು ಸೆಳೆದು ಅವನ್ನು ನಾಶಮಾಡುತ್ತವೆ.

ಆದರೆ ಹೆಪ್ಪುಗಟ್ಟಿಸದ ಶೈತ್ಯ ಅಪರೂಪಕ್ಕೆ ರಕ್ಷಕವೂ ಆಗುತ್ತದೆ. 1999ರ ಮೇ 20ರಂದು ನಾರ್ವೆಯ ನಾರ್ವಿಕ್ ಸಮೀಪ ವೈದ್ಯೆ ಅನ್ನಾ ಬೋಗೆನ್‌ಹೋಲ್ಮ್ ಮಂಜುಗಟ್ಟಿದ ತೊರೆಯೊಳಗೆ ಬಿದ್ದು 80 ನಿಮಿಷ ಸಿಲುಕಿದ್ದರು. ಮೊದಲ 40 ನಿಮಿಷ ಮಂಜಿನಡಿಯ ಗಾಳಿಯನ್ನು ಉಸಿರಾಡುತ್ತ ಎಚ್ಚರವಾಗಿದ್ದರು. ಆದುದರಿಂದ ಹೃದಯ ನಿಲ್ಲುವ ಮೊದಲೇ ಮಿದುಳು ತಣಿದು, ಅದರ ಆಮ್ಲಜನಕದ ಬೇಡಿಕೆ ಕುಗ್ಗಿತ್ತು. ಟ್ರೋಮ್ಸೊದ ಆಸ್ಪತ್ರೆಯಲ್ಲಿ ಅವರ ಉಷ್ಣತೆ 13.7 ಡಿಗ್ರಿಯಷ್ಟಿತ್ತು. ವೈದ್ಯರು ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಬೆಚ್ಚಗೆ ಮಾಡಿ ಮರಳಿಸಿ ಅವರನ್ನು ಬದುಕಿಸಿದರು.

ಎಲ್ಲರಿಗೂ ಆ ಭಾಗ್ಯವಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಆರನೆಯ ದಿನ ಜೀವಂತವಾಗಿ ದೊರೆತರು. ತಣ್ಣಗಿದ್ದ ಅಂಗಗಳಿಗೆ ರಕ್ತ ಮರಳಿ ಹರಿಯುವಾಗ ತೊಡಕುಗಳು ಉಂಟಾಗಬಹುದೆಂದು ದೆಹಲಿಯ ವೈದ್ಯರು ಎಚ್ಚರಿಸಿದ್ದರು. ಫೆಬ್ರವರಿ 11ರಂದು ಅವರು ತೀರಿಕೊಂಡರು. ಶೈತ್ಯದಿಂದ ಹೊರಬರುವ ದಾರಿಯೂ ಶೈತ್ಯದಷ್ಟೇ ಕಠಿಣ.

ಮಲೆನಾಡಿನಲ್ಲಿ ಹಿಮ ಬೀಳುವುದಿಲ್ಲ. ಆದರೆ ಮೈ ತಣ್ಣಗಾಗಲು ಹಿಮವೇ ಬೇಕೆಂದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸೆಳೆಯುತ್ತದೆ. ಆಷಾಢದ ಗಾಳಿಮಳೆಯಲ್ಲಿ ದಿನವಿಡೀ ನೆನೆದು ನಾಟಿ ಮಾಡುವ ಅರೆಹೊಟ್ಟೆಯ ಕೂಲಿಕಾರರಿಗೆ, ವೃದ್ಧರಿಗೆ ಈ ಅಪಾಯ ನಿಜವಾದುದು. ಅಂಥವರ ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ ಕುಡಿತವೆಂದು ಬಗೆದು ದೂರಸರಿಯಬಾರದು. ಒದ್ದೆ ಬಟ್ಟೆ ತೆಗೆದು ಒಣ ಕಂಬಳಿ ಹೊದಿಸಬೇಕು. ಎಚ್ಚರವಿದ್ದರೆ ಬೆಚ್ಚನೆಯ ಸಿಹಿ ಪಾನೀಯ ಕೊಡಬೇಕು. ಕೈಕಾಲು ತಿಕ್ಕದೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮದ್ಯವಂತೂ ಸಲ್ಲದು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ದೇಹ ಒಳಗೆ ಕಾಪಿಟ್ಟ ಶಾಖವನ್ನು ಹೊರಚೆಲ್ಲುತ್ತದೆ.

ಚಳಿಯನ್ನು ತಾಳುವ ಶಕ್ತಿ ಕೆಚ್ಚಿನಿಂದಷ್ಟೇ ಬರುವುದಿಲ್ಲ. ಹೊಟ್ಟೆಗೆ ಅನ್ನ, ಮೈಗೆ ಒಣ ಬಟ್ಟೆ, ಸಕಾಲಕ್ಕೆ ನೆರವು ಇದ್ದಲ್ಲಿ ದೇಹ ಬಹುದೂರ ಹೋರಾಡಬಲ್ಲದು. ಮಳೆಗಾಲದಲ್ಲಿ ದುಡಿಯುವವರಿಗೆ ಬಿಸಿಯೂಟವನ್ನೂ ಬೆಂಕಿ ಕಾಯಿಸಿಕೊಳ್ಳಲು ಒಂದು ಸೂರನ್ನೂ ಒದಗಿಸುವುದು ಗದ್ದೆ, ತೋಟಗಳ ಒಡೆಯರ ಕರ್ತವ್ಯ.