ನಿಷ್ಠೆ ಮತ್ತು ನೇಮ

ಭರತ ಹುಣ್ಣಿಮೆ ಸಮೀಪಿಸಿತೆಂದರೆ ಮುನವಳ್ಳಿ, ಸವದತ್ತಿಗಳ ಸುತ್ತಣ ದಾರಿಗಳು ಯಲ್ಲಮ್ಮನ ಗುಡ್ಡಕ್ಕೆ ಹೊರಟ ಜನರಿಂದ ತುಂಬಿಹೋಗುತ್ತವೆ. ಗಾಡಿ ಕಟ್ಟಿಕೊಂಡು ಬರುವವರುಂಟು, ಬರಿಗಾಲಲ್ಲಿ ನಡೆದು ಬರುವವರುಂಟು. ‘ಉಧೋ ಉಧೋ’ ಎಂಬ ಕೂಗಿನ ಮುಂದೆ ಬಿಸಿಲೂ ದೂರವೂ ಅವರ ಲೆಕ್ಕಕ್ಕಿಲ್ಲ. ಅದೇ ಮಲಪ್ರಭೆಯ ಸೀಮೆಯಲ್ಲಿ ಇಷ್ಟಲಿಂಗದ ಪೂಜೆಯಾಗದೆ ತುತ್ತು ಎತ್ತದ ಹಿರಿಯರೂ ಇದ್ದಾರೆ. ಇಂಥ ನೆಲದಲ್ಲಿ ನಿಷ್ಠೆ ಎಂಬ ಮಾತಿಗೆ ಟೀಕೆ ಬೇಕಿಲ್ಲ. ಹಾಗಿರುವುದರಿಂದಲೇ, ಕ್ರೈಸ್ತನೊಬ್ಬನು ತನ್ನ ವಿಶ್ವಾಸದಲ್ಲಿ ಏಕನಿಷ್ಠನಾಗಿರುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಸುಲಭದ್ದಲ್ಲ. ಅವನ ನೆರೆಯವನೂ ನಿಷ್ಠಾವಂತನೇ.

ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಭಕ್ತನನ್ನು ಓಟಗಾರನಿಗೆ ಹೋಲಿಸುತ್ತಾನೆ. ಆ ಪಟ್ಟಣದ ಬಳಿಯಲ್ಲಿಯೇ ಇಸ್ತ್ಮಿಯದ ಪಂದ್ಯಗಳು ನಡೆಯುತ್ತಿದ್ದುವು. ಬಾಡಿಹೋಗುವ ಎಲೆಯ ಕಿರೀಟಕ್ಕಾಗಿ ಓಟಗಾರನು ದೇಹವನ್ನು ಎಷ್ಟು ಬಿಗಿಹಿಡಿಯುತ್ತಾನೆಂಬುದನ್ನು ಅಲ್ಲಿಯ ಜನ ಕಣ್ಣಾರೆ ಕಂಡಿದ್ದರು. ಈ ಪೌಲನು ಗುಡಾರ ಮಾಡುವ ಕಸುಬಿನವನು. ತನ್ನ ದುಡಿಮೆಯಿಂದ ತಾನು ಉಂಡವನು. ಓಟದ ಹೋಲಿಕೆಯನ್ನು ಎಲ್ಲರೂ ನೆನೆಯುತ್ತಾರೆ, ಗುಡಾರವನ್ನು ನೆನೆಯುವವರು ಕಡಿಮೆ.

ಕನ್ನಡ ನಾಡಿನಲ್ಲಿ ಈ ಗುಡಾರದ ಪ್ರಶ್ನೆ ಬೇಗನೆ ಎದ್ದಿತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಅವರ ಸಭೆಗಳ ಶಿಸ್ತು ಕಠಿಣವಾದುದು. ಸಭೆಯೊಳಗೆ ಜಾತಿ ನಡೆಯಕೂಡದು, ಕುಡಿತ ಕೂಡದು; ತಪ್ಪಿ ನಡೆದವನನ್ನು ವಿಚಾರಿಸಲು ಹಿರಿಯರಿದ್ದರು. ದೀಕ್ಷಾಸ್ನಾನ ಪಡೆದವನು ಎಷ್ಟೋ ಸಲ ಮನೆ, ನೆಂಟರು, ಕುಲಕಸುಬು ಎಲ್ಲವನ್ನೂ ಒಮ್ಮೆಗೇ ಕಳೆದುಕೊಳ್ಳುತ್ತಿದ್ದನು. ಅಂಥವರ ಜೀವನಕ್ಕೆಂದು ಮಿಶನ್ನು ನೇಯ್ಗೆ ನಡೆಸಿತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆಯಿತು. ಉಪಕಾರ ದೊಡ್ಡದು, ಸಂದೇಹವಿಲ್ಲ. ಆದರೆ ಕೂಲಿಯೂ ಉಪದೇಶವೂ ಒಂದೇ ಕೈಯಿಂದ ಬರುವಾಗ ನಿಷ್ಠೆ ಎಷ್ಟು, ಅವಲಂಬನೆ ಎಷ್ಟು ಎಂದು ತೂಗುವವರು ಯಾರು? 1914ರ ಮಹಾಯುದ್ಧ ತೂಗಿತು. ಜರ್ಮನ್ ಮಿಶನರಿಗಳನ್ನು ಸರಕಾರ ಬಂಧನದಲ್ಲಿಟ್ಟಿತು, ದೇಶದಿಂದ ಕಳುಹಿಸಿತು. ಕಾರ್ಖಾನೆಗಳು ಅನ್ಯರ ಕೈಸೇರಿದವು. ಸಭೆಗಳು ಮಾತ್ರ ಉಳಿದುವು. ಅವುಗಳ ಹೊರೆ ಕನ್ನಡಿಗ ಸಭಾಪಾಲಕರ ಹೆಗಲಿಗೆ ಬಂದಿತು.

ಆ ಪೀಳಿಗೆಯ ಸಭಾಪಾಲಕರಲ್ಲಿ ಒಬ್ಬರು ಉತ್ತಂಗಿ ಚನ್ನಪ್ಪನವರು. ಹುಟ್ಟಿದ್ದು 1881ರಲ್ಲಿ ಧಾರವಾಡದಲ್ಲಿ. ದೈವಜ್ಞಾನವನ್ನು ಓದಿದ್ದು ಮಂಗಳೂರಿನಲ್ಲಿ. ಸಾಹಿತ್ಯಾಸಕ್ತರು ಅವರನ್ನು ಸರ್ವಜ್ಞನ ವಚನಗಳ ಸಂಪಾದಕರೆಂದು, ‘ತಿರುಳ್ಗನ್ನಡದ ತಿರುಕ’ರೆಂದು ಬಲ್ಲರು. ಊರೂರು ಅಲೆದು, ಓಲೆಗರಿಗಳನ್ನು ಓದಿ, ಹಳ್ಳಿಗರ ಬಾಯಿಂದ ಕೇಳಿ ಬರೆದುಕೊಂಡು, ಪಾಠಗಳನ್ನು ಹೋಲಿಸಿ, ಪದ್ಧತಿಗಳಾಗಿ ವಿಂಗಡಿಸಿ ಅವರು 1924ರಲ್ಲಿ ಆ ಗ್ರಂಥವನ್ನು ಹೊರತಂದರು. ತ್ರಿಪದಿ ಕೂಡಿಸುವುದು ನೋಡುವವರಿಗೆ ಹವ್ಯಾಸದಂತೆ ಕಾಣಬಹುದು. ಒಂದು ಪಾಠದ ಒಂದು ಅಕ್ಷರಕ್ಕಾಗಿ ಇನ್ನೊಂದು ಊರಿಗೆ ನಡೆಯಬೇಕಾದವನಿಗೆ ಅದು ತಪಸ್ಸೇ ಸರಿ.

ಇಲ್ಲಿ ಒಂದು ಸೋಜಿಗವಿದೆ. ಸರ್ವಜ್ಞನು ಡಂಭದ ಭಕ್ತಿಯನ್ನು, ಒಣ ಆಚಾರವನ್ನು ಹಿಡಿದು ಝಾಡಿಸಿದವನು. ಪಾದ್ರಿಯೊಬ್ಬನು ಅವನನ್ನು ಪರಮತದ ದೂಷಣೆಗೆ ಆಯುಧವಾಗಿ ಬಳಸಿಕೊಳ್ಳಬಹುದಿತ್ತು. ಆ ಆಮಿಷ ಸಣ್ಣದಲ್ಲ. ಚನ್ನಪ್ಪನವರು ಕವಿಯನ್ನು ಕವಿಯಾಗಿ ಇಡಿಯಾಗಿ ನಾಡಿನ ಕೈಗಿತ್ತರು. ಮುಂದೆ ಶಿವಶರಣರ ಸಾಹಿತ್ಯಕ್ಕೆ ತಿರುಗಿದರು. ಅನುಭವ ಮಂಟಪವೆಂಬುದು ಕಲ್ಪನೆಯೋ ಇತಿಹಾಸವೋ ಎಂಬ ವಾದ ನಡೆದಾಗ ಅದು ಇತಿಹಾಸವೇ ಎಂದು ಗ್ರಂಥ ಬರೆದು ವಾದಿಸಿದವರಲ್ಲಿ ಈ ಕ್ರೈಸ್ತ ಪಾದ್ರಿಯೂ ಒಬ್ಬರು. ಹೀಗೆಂದು ಅವರ ಕ್ರಿಸ್ತನು ಮಸುಕಾದನೇ? ಬೆತ್ಲೆಹೇಮವು ಬನಾರಸಕ್ಕೆ ವಿನಂತಿ ಮಾಡಿಕೊಳ್ಳುವ ಹೆಸರಿನ ಪುಸ್ತಕವನ್ನು ಬರೆದವರೂ ಅವರೇ. ಆಜ್ಞೆಯಲ್ಲ, ವಿನಂತಿ, ಆ ಒಂದು ಶಬ್ದದಲ್ಲಿ ಅವರ ನಡೆಯೆಲ್ಲ ಇದೆಯೆಂದು ನನಗೆ ತೋರುತ್ತದೆ. ಮರಾಠಿಯ ಕವಿ ನಾರಾಯಣ ವಾಮನ ಟಿಳಕರೂ 1895ರಲ್ಲಿ ದೀಕ್ಷೆ ಪಡೆದ ಮೇಲೆ ಅಭಂಗವನ್ನು ಬಿಡಲಿಲ್ಲ. ಕ್ರಿಸ್ತನನ್ನೇ ಅಭಂಗದಲ್ಲಿ ಹಾಡಿದರು.

ಏಕನಿಷ್ಠೆಯನ್ನು ಕಿಟಕಿ ಬಾಗಿಲು ಮುಚ್ಚಿದ ಮನೆಯೆಂದು ತಿಳಿಯುವವರು ಎಲ್ಲ ಮತಗಳಲ್ಲಿಯೂ ಇದ್ದಾರೆ. ಅಂಥವರ ನಿಷ್ಠೆಯಲ್ಲಿ ಭಯದ ಪಾಲೇ ಹೆಚ್ಚು. ಎಲ್ಲವೂ ಒಂದೇ ಎಂದು ಹೇಳಿ ಯಾವ ನೇಮವನ್ನೂ ಹಿಡಿಯದವರು ಇನ್ನೊಂದು ಬಗೆ. ಅವರ ಔದಾರ್ಯಕ್ಕೆ ಖರ್ಚಿಲ್ಲ. ಚನ್ನಪ್ಪನವರದು ಈ ಎರಡೂ ಅಲ್ಲ. ಬೈಲಹೊಂಗಲದ ಹತ್ತಿರದ ದೇಶನೂರಿನಲ್ಲಿ ಯೇಸುಸಭೆಯ ಕ್ಯಾಥೋಲಿಕ ಗುರುಗಳು ಕಾವಿ ಉಟ್ಟು, ಶಾಕಾಹಾರದ ವ್ರತ ಹಿಡಿದು, ತಮ್ಮ ನೆಲೆಯನ್ನು ವಿರಕ್ತಮಠವೆಂದೇ ಕರೆದರು. ಬಟ್ಟೆ ಬದಲಿಸಿದರೆ ಸಾಕೇ ಎಂದು ಕೇಳಬಹುದು. ಸಾಲದು. ಆದರೂ ನೆರೆಯವನ ನೇಮವನ್ನು ತಾನೂ ಹೊತ್ತು ನೋಡುವುದು ಹುಡುಗಾಟಿಕೆಯಲ್ಲ.

1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನ ಚನ್ನಪ್ಪನವರನ್ನು ಅಧ್ಯಕ್ಷರನ್ನಾಗಿ ಕೂರಿಸಿತು. ಅಷ್ಟು ಗೌರವ ಬಂದ ಮೇಲೆ ವಿಶ್ರಮಿಸಬಹುದಾಗಿತ್ತು. ಎಪ್ಪತ್ತು ದಾಟಿದ ಆ ಮುದುಕರು ಮತ್ತೆ ಓಲೆಗಳ ಮುಂದೆ ಕುಳಿತರು, ಸೊನ್ನಲಿಗೆಯ ಸಿದ್ಧರಾಮನ ಸಾಹಿತ್ಯವನ್ನು ಸಂಗ್ರಹಿಸಿ ಅಚ್ಚಿಗೆ ಕೊಟ್ಟರು. 1962ರಲ್ಲಿ ತೀರಿಕೊಂಡಾಗಲೂ ಅವರು ರೆವರೆಂಡ್ ಉತ್ತಂಗಿಯವರೇ.