ಲಾಭ ಯಾರ ಜೇಬಿನಿಂದ ಬರಬೇಕಿತ್ತು?

(ಯುವ ಉದ್ಯೋಗಿಗಳು ಮತ್ತು ಸಣ್ಣ ವ್ಯಾಪಾರಿಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಶೇರು ಮಾರುಕಟ್ಟೆಯ ಕುರಿತು ಮಾತನಾಡಬೇಕೆಂದು ನೀವು ನನ್ನನ್ನು ಕೇಳಿಕೊಂಡಿದ್ದೀರಿ. ಯಾವ ಶೇರನ್ನು ಕೊಳ್ಳಬೇಕು, ಯಾವುದನ್ನು ಮಾರಬೇಕು ಎಂದು ಹೇಳುವ ಅರ್ಹತೆ ನನಗಿಲ್ಲ. ಆ ಉದ್ದೇಶದಿಂದ ಬಂದವರಿದ್ದರೆ ಈಗಲೇ ಕ್ಷಮೆ ಕೋರುತ್ತೇನೆ. ನಾನಿಂದು ಒಂದು ಕಂಪೆನಿಯ ಕಥೆಯನ್ನು ನಿಮ್ಮ ಮುಂದಿಡುತ್ತೇನೆ. ಅದು ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಕಥೆ. ಆದರೆ ಅದರಲ್ಲಿ ಬರುವ ಮನುಷ್ಯರ ಆಸೆ, ಸಿಟ್ಟು ಮತ್ತು ಹಠ ನಮಗೆ ಅಪರಿಚಿತವಲ್ಲ.

ಮೊದಲು ವಿಜ್ಞಾನದಿಂದ ಆರಂಭಿಸೋಣ. 'ಮೆಟಾಮೆಟೀರಿಯಲ್' ಎಂಬ ಪದವನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಸಾಮಾನ್ಯವಾಗಿ ಒಂದು ವಸ್ತುವಿನ ಗುಣ ಅದು ಯಾವ ಧಾತುಗಳಿಂದ ಆಗಿದೆ ಎಂಬುದನ್ನು ಅವಲಂಬಿಸಿರುತ್ತದೆ. ಮೆಟಾಮೆಟೀರಿಯಲ್‌ಗಳ ಗುಣವಾದರೋ ಅವುಗಳೊಳಗೆ ಕೆತ್ತಲಾದ ಅತಿಸೂಕ್ಷ್ಮ ವಿನ್ಯಾಸದಿಂದ ಬರುತ್ತದೆ. ಬೆಳಕಿನ ಅಥವಾ ರೇಡಿಯೋ ತರಂಗದ ಉದ್ದಕ್ಕಿಂತಲೂ ಕಿರಿದಾದ ರಚನೆಗಳನ್ನು ಕ್ರಮಬದ್ಧವಾಗಿ ಜೋಡಿಸಿದಾಗ, ಪ್ರಕೃತಿಯಲ್ಲಿ ಕಾಣದ ರೀತಿಯಲ್ಲಿ ಆ ತರಂಗವನ್ನು ಬಾಗಿಸಬಹುದು, ತಡೆಯಬಹುದು. ಸೋವಿಯತ್ ವಿಜ್ಞಾನಿ ವಿಕ್ಟರ್ ವೆಸೆಲಾಗೊ ಇಂತಹ ವಸ್ತುಗಳ ಸಾಧ್ಯತೆಯನ್ನು 1960ರ ದಶಕದಲ್ಲೇ ಕಾಗದದ ಮೇಲೆ ಚಿಂತಿಸಿದ್ದರು. ಬ್ರಿಟನಿನ ಜಾನ್ ಪೆಂಡ್ರಿ 2000ದಲ್ಲಿ ಅದರ ಆಧಾರದ ಮೇಲೆ ಪರಿಪೂರ್ಣ ಮಸೂರದ ಸಿದ್ಧಾಂತವನ್ನು ಮಂಡಿಸಿದರು. 2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮೈಕ್ರೋವೇವ್ ತರಂಗಗಳ ಕಣ್ಣಿಗೆ ಒಂದು ವಸ್ತುವನ್ನು ಭಾಗಶಃ ಮರೆಮಾಚುವ ಪ್ರಯೋಗ ನಡೆಯಿತು. ಇದು ಗಂಭೀರವಾದ ವಿಜ್ಞಾನ. ಇದರಲ್ಲಿ ಮೋಸವಿಲ್ಲ.

ಕೆನಡಾದ ನೋವಾ ಸ್ಕೋಶಿಯಾ ಪ್ರಾಂತ್ಯದ ಡಾರ್ಟ್‌ಮತ್‌ನಲ್ಲಿ ನೆಲೆಸಿದ್ದ ಒಂದು ಕಂಪೆನಿ ಈ ವಿಜ್ಞಾನವನ್ನು ಸರಕಾಗಿ ಮಾರ್ಪಡಿಸಲು ಹೊರಟಿತ್ತು. ವಿಮಾನ ಚಾಲಕರ ಕಣ್ಣನ್ನು ಲೇಸರ್ ಕಿರಣಗಳಿಂದ ರಕ್ಷಿಸುವ ಪರದೆ ಮತ್ತು ಕನ್ನಡಕ, ವಿದ್ಯುತ್ ಹರಿಯಬಲ್ಲ ಪಾರದರ್ಶಕ ಹಾಳೆ ಇವು ಅದರ ಯೋಜನೆಗಳಲ್ಲಿದ್ದವು. ಬಳಿಕ ನೋಟುಗಳ ಸುರಕ್ಷತಾ ಗುರುತುಗಳನ್ನು ತಯಾರಿಸುವ ಒಂದು ಸಂಸ್ಥೆಯನ್ನೂ ಅದು ಕೊಂಡುಕೊಂಡಿತು. ಕಂಪೆನಿಯ ಹೆಸರು ಮೆಟಾ ಮೆಟೀರಿಯಲ್ಸ್. ಫೇಸ್‌ಬುಕ್‌ನ ಮಾತೃಸಂಸ್ಥೆಯಾದ ಮೆಟಾಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಮೆರಿಕದ ನಾಸ್ಡಾಕ್ ಮಾರುಕಟ್ಟೆಯನ್ನು ಪ್ರವೇಶಿಸಲು ಈ ಕಂಪೆನಿ ಒಂದು ಅಡ್ಡದಾರಿಯನ್ನು ಆರಿಸಿಕೊಂಡಿತು. ಅಡ್ಡದಾರಿ ಎಂದರೆ ಕಾನೂನುಬಾಹಿರವೆಂದಲ್ಲ. ಮಾರುಕಟ್ಟೆಯಲ್ಲಿ ಈಗಾಗಲೇ ಇದ್ದ ಟಾರ್ಚ್‌ಲೈಟ್ ಎನರ್ಜಿ ಎಂಬ ಟೆಕ್ಸಾಸಿನ ಸಣ್ಣ ತೈಲ ಕಂಪೆನಿಯೊಂದಿಗೆ ಅದು ವಿಲೀನಗೊಂಡಿತು. 2021ರ ಜೂನ್ ಕೊನೆಯಲ್ಲಿ ವಿಲೀನ ಪೂರ್ಣವಾಯಿತು. ಟಾರ್ಚ್‌ಲೈಟ್‌ನ ಬಳಿ ಪಶ್ಚಿಮ ಟೆಕ್ಸಾಸಿನ ಓರೊಗ್ರಾಂಡೆ ಎಂಬಲ್ಲಿ ತೈಲ ಹುಡುಕುವ ಗುತ್ತಿಗೆಯಿತ್ತು. ಹೊಸ ಕಂಪೆನಿಗೆ ತೈಲ ಬೇಡವಾಗಿತ್ತು. ಆದ್ದರಿಂದ 2021ರ ಜೂನ್ 24ರಂದು ಟಾರ್ಚ್‌ಲೈಟ್ ಶೇರು ಹೊಂದಿದ್ದವರಿಗೆ ಪ್ರತಿಯೊಂದು ಶೇರಿಗೆ ಒಂದರಂತೆ ವಿಶೇಷ ಆದ್ಯತಾ ಶೇರನ್ನು ಕೊಡಲಾಯಿತು. ತೈಲದ ಆಸ್ತಿಯಿಂದ ಮುಂದೆ ಏನಾದರೂ ಬಂದರೆ ಅದು ಈ ಶೇರುದಾರರಿಗೆ ಸಲ್ಲಬೇಕೆಂಬುದು ವ್ಯವಸ್ಥೆ.

ಇಲ್ಲಿಯವರೆಗೆ ಎಲ್ಲವೂ ಸರಳ. ಕಥೆ ತಿರುವು ಪಡೆಯುವುದು 'ಶಾರ್ಟ್ ಸೆಲ್ಲಿಂಗ್' ಎಂಬ ಪದ್ಧತಿಯಿಂದ. ಅದನ್ನು ನಮ್ಮ ಊರಿನ ಮಾತಿನಲ್ಲಿ ಹೇಳುತ್ತೇನೆ. ಅಡಿಕೆಯ ಬೆಲೆ ಇಳಿಯಲಿದೆ ಎಂದು ಒಬ್ಬಾತ ನಂಬುತ್ತಾನೆ. ನೆರೆಯವನಿಂದ ಒಂದು ಮೂಟೆ ಅಡಿಕೆ ಕಡ ತಂದು ಇಂದಿನ ಬೆಲೆಗೆ ಮಾರುತ್ತಾನೆ. ಬೆಲೆ ಇಳಿದ ಮೇಲೆ ಒಂದು ಮೂಟೆ ಕೊಂಡು ನೆರೆಯವನಿಗೆ ಹಿಂದಿರುಗಿಸುತ್ತಾನೆ. ನಡುವಿನ ವ್ಯತ್ಯಾಸ ಅವನ ಲಾಭ. ಬೆಲೆ ಏರಿದರೆ? ಎಷ್ಟೇ ದುಬಾರಿಯಾದರೂ ಕೊಂಡು ಹಿಂದಿರುಗಿಸಲೇಬೇಕು. ಇಂಥವರು ಅನೇಕರಿದ್ದು, ಎಲ್ಲರೂ ಒಮ್ಮೆಲೇ ಕೊಳ್ಳಲು ಧಾವಿಸಿದರೆ ಬೆಲೆ ಆಕಾಶಕ್ಕೇರುತ್ತದೆ. 2021ರ ಜನವರಿಯಲ್ಲಿ ಗೇಮ್‌ಸ್ಟಾಪ್ ಎಂಬ ಕಂಪೆನಿಯ ಶೇರಿನಲ್ಲಿ ಹೀಗೆಯೇ ಆಯಿತು. ಅದನ್ನು ಕಂಡ ಸಾವಿರಾರು ಸಣ್ಣ ಹೂಡಿಕೆದಾರರು ಮುಂದಿನ ಗೇಮ್‌ಸ್ಟಾಪ್ ಯಾವುದೆಂದು ಹುಡುಕತೊಡಗಿದರು. ಅವರಲ್ಲಿ ಹಲವರ ದೃಷ್ಟಿ ಟಾರ್ಚ್‌ಲೈಟ್ ಮೇಲೆ ಬಿತ್ತು.

ಅವರ ತರ್ಕ ಇದು: ಆದ್ಯತಾ ಶೇರು ಶೇರುದಾರರಿಗೆ ಸಲ್ಲಬೇಕಾದುದು. ಶೇರನ್ನು ಕಡ ತಂದು ಮಾರಿದವನು ಅದನ್ನೂ ಒದಗಿಸಿಕೊಡಬೇಕಾಗುತ್ತದೆ. ಅದು ಅವನಿಗೆ ಸಿಗುವುದಿಲ್ಲ. ಆದ್ದರಿಂದ ಅವನು ಶರಣಾಗಿ ಕೊಳ್ಳಲೇಬೇಕು. 2020ರ ಕೊನೆಯಲ್ಲಿ ಒಂದು ಡಾಲರಿಗಿಂತ ಕಡಿಮೆಯಿದ್ದ ಟಾರ್ಚ್‌ಲೈಟ್ ಶೇರು 2021ರ ಜೂನ್‌ನಲ್ಲಿ ಹತ್ತು ಡಾಲರನ್ನು ಮುಟ್ಟಿತು. ಅದೇ ದಿನಗಳಲ್ಲಿ ಕಂಪೆನಿಯು ಹೊಸ ಶೇರುಗಳನ್ನು ನೇರವಾಗಿ ಮಾರುಕಟ್ಟೆಯಲ್ಲಿ ಮಾರಿ 13.75 ಕೋಟಿ ಡಾಲರ್ ಸಂಗ್ರಹಿಸಿತು.

ಸಹೋದರರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಹತ್ತು ಡಾಲರ್ ಕೊಟ್ಟು ಶೇರು ಕೊಂಡವನು ಯಾವ ಲಾಭವನ್ನು ಎದುರು ನೋಡುತ್ತಿದ್ದ? ಲೇಸರ್ ತಡೆಯುವ ಕನ್ನಡಕ ಮಾರಾಟವಾಗಿ ಬರುವ ಲಾಭವನ್ನೇ? ಟೆಕ್ಸಾಸಿನ ನೆಲದಿಂದ ಉಕ್ಕುವ ತೈಲದ ಲಾಭವನ್ನೇ? ಹೆಚ್ಚಿನವರು ಎದುರು ನೋಡುತ್ತಿದ್ದುದು ಇನ್ನೊಬ್ಬನು ಸಿಕ್ಕಿಬಿದ್ದು, ಬೇರೆ ದಾರಿಯಿಲ್ಲದೆ, ಕೇಳಿದಷ್ಟು ಹಣ ತೆತ್ತು ತನ್ನಿಂದ ಕೊಳ್ಳುವ ಗಳಿಗೆಯನ್ನು. ಆ ಇನ್ನೊಬ್ಬನು ದೊಡ್ಡ ಕುಳವಾಗಿರಬಹುದು, ದುರಾಸೆಯವನೂ ಆಗಿರಬಹುದು. ಆದರೆ ಕಾರ್ಖಾನೆಯಲ್ಲಿ ಒಂದು ಹಾಳೆಯೂ ತಯಾರಾಗದೆ ಬರುವ ಈ ಹಣವನ್ನು ನಾವು ವ್ಯಾಪಾರದ ಲಾಭವೆಂದು ಕರೆಯಬಹುದೇ?

ಅಷ್ಟೇ ಅಲ್ಲ. ತಾನು ಹೆಣೆದ ಬಲೆಯಲ್ಲಿ ಸಿಕ್ಕಿಬೀಳುವವರು ಬೃಹತ್ ಹಣಕಾಸು ಸಂಸ್ಥೆಗಳೆಂದು ಸಣ್ಣ ಹೂಡಿಕೆದಾರ ಭಾವಿಸಿದ. ಆದರೆ ಜೂನ್‌ನ ಆ ದಿನಗಳಲ್ಲಿ ಏರಿದ ಬೆಲೆಗೆ ಶೇರು ಮಾರಿದವರಲ್ಲಿ ಸ್ವತಃ ಕಂಪೆನಿಯೇ ಇತ್ತು. ಬಲೆಯ ಹೊರಗೆ ನಿಂತಿದ್ದೇನೆಂದು ತಿಳಿದವನು ಒಳಗಿದ್ದ.

ಮೂರು ವರ್ಷಗಳ ಬಳಿಕ, 2024ರ ಜೂನ್‌ನಲ್ಲಿ, ಅಮೆರಿಕದ ಶೇರು ವ್ಯವಹಾರಗಳ ಸರಕಾರಿ ಆಯೋಗವಾದ ಎಸ್‌ಇಸಿ ಇದೇ ವಿಷಯವನ್ನು ನ್ಯಾಯಾಲಯಕ್ಕೆ ಒಯ್ದಿತು. ಆದ್ಯತಾ ಶೇರಿನ ಮೂಲಕ ಕೃತಕವಾಗಿ ಬೆಲೆ ಏರಿಸುವ ಯೋಜನೆ ನಡೆದಿತ್ತು, ಏರಿದ ಬೆಲೆಯಲ್ಲಿ ಕಂಪೆನಿ ಶೇರು ಮಾರಿತು ಎಂದು ಎರಡೂ ಕಂಪೆನಿಗಳ ಮಾಜಿ ಮುಖ್ಯಾಧಿಕಾರಿಗಳ ವಿರುದ್ಧ ಅದು ಆರೋಪ ಹೊರಿಸಿತು. ಆರೋಪವು ತೀರ್ಪಲ್ಲ ಎಂಬುದನ್ನು ನಾವು ಮರೆಯಬಾರದು. ಮೆಟಾ ಮೆಟೀರಿಯಲ್ಸ್ ಮಾತ್ರ ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ 10 ಲಕ್ಷ ಡಾಲರ್ ದಂಡಕ್ಕೆ ಸಮ್ಮತಿಸಿತು.

ಈಗ ಆದ್ಯತಾ ಶೇರಿನ ಕಥೆಗೆ ಮರಳೋಣ. ಮಾರುಕಟ್ಟೆಯಲ್ಲಿ ಕಾಣಿಸಿಕೊಳ್ಳುವುದಿಲ್ಲವೆಂದು ಹಲವರು ತಿಳಿದಿದ್ದ ಆ ಶೇರು 2021ರ ಅಕ್ಟೋಬರ್‌ನಲ್ಲಿ 'ಎಂಎಂಟಿಎಲ್‌ಪಿ' ಎಂಬ ಸಂಕೇತದಡಿ ಶೇರುಪೇಟೆಯ ಹೊರವಲಯದಲ್ಲಿ ಮಾರಾಟವಾಗತೊಡಗಿತು. 2022ರ ಕೊನೆಯಲ್ಲಿ ತೈಲದ ಆಸ್ತಿಯನ್ನು ನೆಕ್ಸ್ಟ್ ಬ್ರಿಜ್ ಹೈಡ್ರೋಕಾರ್ಬನ್ಸ್ ಎಂಬ ಪ್ರತ್ಯೇಕ ಕಂಪೆನಿಯಾಗಿಸಿ, ಎಂಎಂಟಿಎಲ್‌ಪಿ ಶೇರುಗಳನ್ನು ರದ್ದುಪಡಿಸಲು ದಿನ ಗೊತ್ತಾಯಿತು. ಕೊನೆಯ ಎರಡು ವಹಿವಾಟಿನ ದಿನಗಳಲ್ಲಿ ಕಡ ತಂದು ಮಾರಿದವರೆಲ್ಲ ಕೊಳ್ಳಲೇಬೇಕು, ಆಗ ನಮ್ಮ ಬದುಕು ಬದಲಾಗುತ್ತದೆ ಎಂಬ ನಂಬಿಕೆ ಗಟ್ಟಿಯಾಯಿತು. ಆದರೆ 2022ರ ಡಿಸೆಂಬರ್ 9ರಂದು, ದಲ್ಲಾಳಿ ಸಂಸ್ಥೆಗಳ ಮೇಲೆ ನಿಗಾ ಇಡುವ ಫಿನ್‌ರಾ ಆ ಶೇರಿನ ವಹಿವಾಟನ್ನೇ ನಿಲ್ಲಿಸಿತು. ಹಿಂದಿನ ದಿನದ ಕೊನೆಯ ಬೆಲೆ 2.90 ಡಾಲರ್. ವಹಿವಾಟು ಮತ್ತೆ ಆರಂಭವಾಗಲೇ ಇಲ್ಲ. ಹೂಡಿಕೆದಾರರ ಕೈಗೆ ಸಿಕ್ಕಿದ್ದು ಯಾವ ಶೇರುಪೇಟೆಯಲ್ಲೂ ಪಟ್ಟಿಯಾಗದ ಕಂಪೆನಿಯ ಶೇರು.

ಮಾರುವ ಬಾಗಿಲನ್ನು ಎರಡು ದಿನ ಮೊದಲೇ ಮುಚ್ಚಿದ್ದು ಸರಿಯೇ ಎಂದು ಸಣ್ಣ ಹೂಡಿಕೆದಾರರು ಕೇಳಿದ ಪ್ರಶ್ನೆ ನ್ಯಾಯವಾದುದು ಎಂದೇ ನನ್ನ ಅಭಿಪ್ರಾಯ. ವಹಿವಾಟಿನ ಇತ್ಯರ್ಥದಲ್ಲಿ ಗೊಂದಲ ಉಂಟಾಗುವ ಸಾಧ್ಯತೆಯಿಂದ ಹೀಗೆ ಮಾಡಬೇಕಾಯಿತೆಂದು ಫಿನ್‌ರಾ ವಿವರಣೆ ನೀಡಿತು. ಅಮೆರಿಕ ಸಂಸತ್ತಿನ ಹಲವು ಸದಸ್ಯರೂ ಈ ಕುರಿತು ಉತ್ತರ ಕೋರಿ ಪತ್ರ ಬರೆದರು. ಆದರೆ ನ್ಯಾಯವಾದ ಈ ಪ್ರಶ್ನೆಯೊಳಗೆ ಬೇರೊಂದು ವಿಷಯ ಬೆರೆತುಹೋಯಿತು. ಬಾಗಿಲು ತೆರೆದಿದ್ದರೆ ಪ್ರತಿ ಶೇರಿಗೆ ನೂರಾರು, ಸಾವಿರಾರು ಡಾಲರ್ ಸಿಗುತ್ತಿತ್ತೆಂಬ ಕಲ್ಪನೆಯೇ ಅದು. ಕಳೆದುಕೊಂಡ ಹಕ್ಕು ಒಂದು. ಕೈಗೆ ಬಾರದ ಕನಸು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟಾಗ ನ್ಯಾಯದ ಬೇಡಿಕೆಯೇ ಹಗುರವಾಗುತ್ತದೆ.

ಈ ಅವಧಿಯಲ್ಲಿ ಹೂಡಿಕೆದಾರರು ತಮ್ಮೊಳಗೆ ಹೇಗೆ ವಾದಿಸಿದರು ಎಂಬುದು ನಾನು ಹೇಳಲು ಹೊರಟ ಮುಖ್ಯ ವಿಷಯ. ಕಂಪೆನಿಯ ಲೆಕ್ಕಪತ್ರಗಳು ಗುಟ್ಟಾಗಿರಲಿಲ್ಲ. 2022ರಲ್ಲಿ ಅದರ ಆದಾಯ ಸುಮಾರು ಒಂದು ಕೋಟಿ ಡಾಲರ್. ನಷ್ಟ ಅದರ ಹಲವು ಪಟ್ಟು. ಇದನ್ನು ಓದಿ ಹೇಳಿದವನಿಗೆ ದೊರೆತ ಬಿರುದು 'ಬಾಡಿಗೆ ನಾಲಗೆ'. ಬೆಲೆ ಏರಿದರೆ ಅದು ನಮ್ಮ ನಂಬಿಕೆಗೆ ಸಾಕ್ಷ್ಯ. ಇಳಿದರೆ ಶತ್ರುಗಳ ಸಂಚಿಗೆ ಸಾಕ್ಷ್ಯ. ಮಾರಿದವನು ದ್ರೋಹಿ, ಹಿಡಿದುಕೊಂಡವನು ವೀರ. ಯಾವ ಘಟನೆ ನಡೆದರೂ ನಂಬಿಕೆ ಸುಳ್ಳೆಂದು ತೋರಲು ಸಾಧ್ಯವೇ ಇಲ್ಲವೆಂದಾದ ಮೇಲೆ ಅಲ್ಲಿ ಚರ್ಚೆಗೆ ಜಾಗವೆಲ್ಲಿದೆ? ಎದುರು ಪಕ್ಷದವರೂ ಕಡಿಮೆಯಿರಲಿಲ್ಲ. ಉಳಿತಾಯ ಕಳೆದುಕೊಂಡವರನ್ನು ಮೂರ್ಖರೆಂದು ಗೇಲಿ ಮಾಡಿದರು. ಅವಮಾನಿತನಾದವನು ತನ್ನ ತಪ್ಪನ್ನು ತಿದ್ದಿಕೊಳ್ಳುವುದಿಲ್ಲ. ಅದನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಳ್ಳುತ್ತಾನೆ.

ವಿಜ್ಞಾನ ನಿಜವಾಗಿದ್ದುದೂ ಈ ಅಪಾಯವನ್ನು ಹೆಚ್ಚಿಸಿತು. 'ಇಂತಹ ತಂತ್ರಜ್ಞಾನ ಸುಳ್ಳೇ?' ಎಂದು ಕೇಳಿದರೆ ಪ್ರಾಮಾಣಿಕನಾದವನು ಅಲ್ಲವೆಂದೇ ಹೇಳಬೇಕು. ಆದರೆ ತಂತ್ರಜ್ಞಾನ ನಿಜವಾಗಿರುವುದು, ಅದನ್ನು ತಯಾರಿಸುವ ಕಂಪೆನಿ ಲಾಭ ಗಳಿಸುವುದು ಮತ್ತು ಆ ಕಂಪೆನಿಯ ಶೇರಿಗೆ ನಾವು ತೆತ್ತ ಬೆಲೆ ಸರಿಯಾಗಿರುವುದು, ಇವು ಮೂರು ಬೇರೆ ಬೇರೆ ಸಂಗತಿಗಳು. ಪ್ರಯೋಗಾಲಯದ ಒಂದು ತುಣುಕನ್ನು ಮೀಟರುಗಟ್ಟಲೆ ಹಾಳೆಯಾಗಿ, ದೋಷವಿಲ್ಲದೆ, ಕೊಳ್ಳುವವನ ಜೇಬಿಗೆ ನಿಲುಕುವ ದರದಲ್ಲಿ ತಯಾರಿಸಲು ವರ್ಷಗಳೂ ಅಪಾರ ಬಂಡವಾಳವೂ ಬೇಕು. ಆ ಬಂಡವಾಳಕ್ಕಾಗಿ ಕಂಪೆನಿ ಮತ್ತೆ ಮತ್ತೆ ಹೊಸ ಶೇರು ಮಾರುತ್ತದೆ. ಹಳೆಯವನ ಪಾಲು ಕರಗುತ್ತಾ ಹೋಗುತ್ತದೆ.

ಕೊನೆಗೆ ಏನಾಯಿತು? ಒಬ್ಬ ಸಾಮಾನ್ಯ ಹೂಡಿಕೆದಾರ 2021ರ ಜೂನ್‌ನಲ್ಲಿ ಹತ್ತು ಡಾಲರಿನಂತೆ 200 ಟಾರ್ಚ್‌ಲೈಟ್ ಶೇರುಗಳನ್ನು 2,000 ಡಾಲರಿಗೆ ಕೊಂಡನೆಂದು ಭಾವಿಸೋಣ. ವಿಲೀನದ ವೇಳೆ ಎರಡು ಶೇರನ್ನು ಒಂದಾಗಿಸಿದಾಗ ಅವನ ಬಳಿ 100 ಮೆಟಾ ಶೇರುಗಳಾದವು. 2024ರ ಜನವರಿಯಲ್ಲಿ ನೂರು ಶೇರನ್ನು ಒಂದಾಗಿಸಲಾಯಿತು. ಅವನ ಬಳಿ ಉಳಿದದ್ದು ಒಂದೇ ಒಂದು ಶೇರು. ಅದೇ ವರ್ಷದ ಆಗಸ್ಟ್‌ನಲ್ಲಿ ಕಂಪೆನಿ ದಿವಾಳಿ ಅರ್ಜಿ ಸಲ್ಲಿಸಿತು. ಪುನಶ್ಚೇತನಕ್ಕಾಗಿ ಸಲ್ಲಿಸಿದ ಅರ್ಜಿ ಅದಲ್ಲ. ಇದ್ದುದನ್ನು ಮಾರಿ ಮುಚ್ಚುವುದಕ್ಕಾಗಿ ಸಲ್ಲಿಸಿದ್ದು. ದಿವಾಳಿ ಆಸ್ತಿಯ ಉಸ್ತುವಾರಿ ಅಧಿಕಾರಿ ಹಳೆಯ ವಹಿವಾಟಿನ ಮಾಹಿತಿಯನ್ನು ನ್ಯಾಯಾಲಯದ ಮೂಲಕ ಕೋರಿದರು. ಅಕ್ರಮ ನಡೆದಿದ್ದರೆ ಅದು ಬಯಲಾಗಲಿ. ಆದರೆ ಆ ಒಂದು ಶೇರನ್ನು ಹಿಡಿದು ನಿಂತ ಮನುಷ್ಯನ ಮನೆಯ ಖರ್ಚು ಅದಕ್ಕಾಗಿ ಕಾಯುವುದಿಲ್ಲ.

ಇದನ್ನು ದೂರದ ದೇಶದವರ ಅವಿವೇಕವೆಂದು ನಗುವ ಹಕ್ಕು ನಮಗಿಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಶಿವಾಜಿನಗರದಲ್ಲಿ ಐಎಂಎ ಕಚೇರಿಯ ಮುಂದೆ ನೆರೆದ ಜನಸಮೂಹವನ್ನು ನೆನಪಿಸಿಕೊಳ್ಳಿ. ಅದು ಶೇರುಪೇಟೆಯ ಕಂಪೆನಿಯಲ್ಲ, ಅದರ ಬಗೆಯೂ ಬೇರೆ. ಆದರೆ ಆ ಬಾಗಿಲಿಗೆ ಬೀಗ ಬೀಳುವ ಮುನ್ನ 'ಇಷ್ಟು ಲಾಭ ಎಲ್ಲಿಂದ ಬರುತ್ತದೆ?' ಎಂದು ಕೇಳಿದವರನ್ನು ನಾವು ಹೇಗೆ ನಡೆಸಿಕೊಂಡೆವು? ಹೊಟ್ಟೆಕಿಚ್ಚಿನವರು, ನಮ್ಮವರ ಏಳಿಗೆ ಸಹಿಸದವರು ಎಂದು ಬಾಯಿ ಮುಚ್ಚಿಸಲಿಲ್ಲವೇ? ಇಂದು ನಮ್ಮ ಯುವಕರು ಮೊಬೈಲ್ ಹಿಡಿದು ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಕ್ಕೆ ಇಳಿಯುತ್ತಿದ್ದಾರೆ. ಅಲ್ಲಿ ಒಬ್ಬನ ಲಾಭ ಇನ್ನೊಬ್ಬನ ನಷ್ಟ. 2021-22ರಿಂದ ಮೂರು ವರ್ಷಗಳಲ್ಲಿ ಇದರಲ್ಲಿ ತೊಡಗಿದ ವ್ಯಕ್ತಿಗಳ ಪೈಕಿ ಶೇ. 93 ಮಂದಿ ನಷ್ಟ ಅನುಭವಿಸಿದರೆಂದು 2024ರಲ್ಲಿ ಸೆಬಿಯೇ ಪ್ರಕಟಿಸಿತು.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಎರಡೇ. ಹಣ ಹಾಕುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ನನಗೆ ಬರಲಿರುವ ಲಾಭ ಯಾರ ಜೇಬಿನಿಂದ, ಯಾವ ಕೆಲಸಕ್ಕೆ ಪ್ರತಿಯಾಗಿ ಬರುತ್ತದೆ? ಉತ್ತರ 'ಇನ್ನೊಬ್ಬ ಸಿಕ್ಕಿಬೀಳುವುದರಿಂದ' ಎಂದಾದರೆ, ಸಿಕ್ಕಿಬೀಳುವವನು ನೀವೇ ಆಗಿರಬಹುದೆಂದು ತಿಳಿಯಿರಿ. ಎರಡನೆಯದಾಗಿ, ನಿಮ್ಮ ನಡುವೆ ಲೆಕ್ಕ ಕೇಳುವವನೊಬ್ಬನಿದ್ದರೆ ಅವನನ್ನು ಸಭೆಯಿಂದ ಹೊರಗಟ್ಟಬೇಡಿ. ಅವನು ಹೇಳುವುದು ತಪ್ಪಾಗಿದ್ದರೆ ನಿಮಗೆ ಹತ್ತು ನಿಮಿಷ ನಷ್ಟ. ಅವನು ಹೇಳುವುದು ಸರಿಯಾಗಿದ್ದರೆ ಒಂದು ಮನೆಯ ಉಳಿತಾಯ ಉಳಿಯುತ್ತದೆ.