ಸೊಟ್ಟ ಹಲ್ಲು, ಸೇರದ ದವಡೆ: ಹಣೆಬರಹವಲ್ಲ, ಚಿಕಿತ್ಸೆ ಇದೆ
(ಮಹಿಳಾ ಸ್ವಸಹಾಯ ಸಂಘಗಳ ಆರೋಗ್ಯ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣ)



ಮನೆ ಭೇಟಿಗೆ ಹೋದಾಗ ನಾವು ಮತ್ತೆ ಮತ್ತೆ ನೋಡುವ ಒಂದು ದೃಶ್ಯವಿದೆ. ಹನ್ನೆರಡು ಹದಿಮೂರು ವರ್ಷದ ಹುಡುಗಿ, ನಗು ಬಂದ ಕೂಡಲೇ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. "ಅವಳಿಗೆ ಉಬ್ಬು ಹಲ್ಲು, ಅವರಪ್ಪನ ಹಾಗೇ. ಹಣೇಲಿ ಬರೆದದ್ದು, ಏನ್ ಮಾಡೋಕಾಗುತ್ತೆ?" ಅಂತಾರೆ ತಾಯಿ. ಮಾಡಬಹುದು ಅಂತ ಹೇಳುವುದಕ್ಕೇ ಇವತ್ತು ನಾವು ಬಂದಿದ್ದೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. "ಹಾಲುಹಲ್ಲು ಹುಳುಕಾದರೆ ಚಿಂತೆಯಿಲ್ಲ, ಹೇಗೂ ಬಿದ್ದು ಹೋಗುತ್ತೆ" ಎಂದು ಹಿಂದೆ ನಾವೂ ಹೇಳಿದ್ದುಂಟು. ಅದು ಸರಿಯಲ್ಲ. 20 ಹಾಲುಹಲ್ಲುಗಳು ಮುಂದೆ ಬರುವ ಹಲ್ಲುಗಳಿಗೆ ಜಾಗ ಕಾಯ್ದಿಡುತ್ತವೆ. ಹಿಂದಿನ ಹಾಲುಹಲ್ಲನ್ನು ಬೇಗ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ; ಹೊಸ ಹಲ್ಲು ಜಾಗವಿಲ್ಲದೆ ಅಡ್ಡಾದಿಡ್ಡಿ ಬರುತ್ತದೆ. ತಂದೆ ತಾಯಿಯಿಂದ ಬಂದ ದವಡೆಯ ರಚನೆ, ನಾಲ್ಕೈದು ವರ್ಷ ದಾಟಿದರೂ ಬಿಡದ ಬೆರಳು ಚೀಪುವ ಚಟ, ಬಾಯಲ್ಲಿ ಉಸಿರಾಡುವುದು, ಇವೂ ಕಾರಣಗಳು.

ಇದು ಬರೀ ಅಂದದ ಮಾತಲ್ಲ. ಮುಂದೆ ಚಾಚಿದ ಹಲ್ಲು ಮಗು ಬಿದ್ದಾಗ ಬೇಗ ಮುರಿಯುತ್ತದೆ. ಒತ್ತೊತ್ತಾದ ಹಲ್ಲುಗಳ ಸಂದಿಯಲ್ಲಿ ಆಹಾರ ಸಿಕ್ಕಿ ಹುಳುಕು, ಒಸಡಿನ ತೊಂದರೆ ಬರುತ್ತದೆ. ಕೆಲವರಿಗೆ ಕೆಳಗಿನ ಹಲ್ಲು ಮೇಲಿನ ಅಂಗಳಕ್ಕೆ ಚುಚ್ಚುತ್ತದೆ. ಹಾಗಂತ ಸ್ವಲ್ಪ ಸೊಟ್ಟ ಇದ್ದವರೆಲ್ಲ ಚಿಕಿತ್ಸೆ ಮಾಡಿಸಲೇಬೇಕು ಅಂತಿಲ್ಲ.

ಈಗ ಚಿಕಿತ್ಸೆಗಳ ವಿಷಯ. ಇದರಲ್ಲಿ ವಯಸ್ಸು ಬಹಳ ಮುಖ್ಯ.

1. ಆರರಿಂದ ಹತ್ತು ವರ್ಷ: ಮಗುವಿಗೆ ಏಳು ವರ್ಷ ಆಗುವಾಗ ಒಮ್ಮೆ ದಂತವೈದ್ಯರಿಗೆ ತೋರಿಸಿ. ಹಾಲುಹಲ್ಲು ಕಿತ್ತ ಜಾಗವನ್ನು ಉಳಿಸುವ ಸಣ್ಣ ತಂತಿ, ಬೆರಳು ಚೀಪುವುದನ್ನು ಬಿಡಿಸುವ ಸಾಧನ, ಇಕ್ಕಟ್ಟಾದ ಮೇಲ್ದವಡೆಯನ್ನು ಅಗಲಿಸುವ ಸಾಧನ ಇವೆ. ಕೆಳದವಡೆ ಮುಂದೆ ಬಂದಿದ್ದರೂ ಈ ವಯಸ್ಸಿನಲ್ಲೇ ತೋರಿಸಬೇಕು.

2. ಬೆಳೆಯುವ ವಯಸ್ಸು, ಸುಮಾರು 10ರಿಂದ 14: ಕೆಳದವಡೆ ಹಿಂದೆ ಉಳಿದಿದ್ದರೆ, ಅದನ್ನು ಮುಂದಕ್ಕೆ ಹಿಡಿದಿಡುವ ಸಾಧನ ಕೊಡುತ್ತಾರೆ. ಮಗು ಬೆಳೆಯುತ್ತಿರುವಾಗಲೇ ಇದರಿಂದ ಪ್ರಯೋಜನ. ಈ ಕಾಲ ಹೋದರೆ ಮತ್ತೆ ಬರುವುದಿಲ್ಲ.

3. ಕ್ಲಿಪ್ ಹಾಕುವುದು: ಹಲ್ಲಿಗೆ ಬ್ರಾಕೆಟ್ ಅಂಟಿಸಿ ತಂತಿ ಕಟ್ಟುತ್ತಾರೆ. ತಂತಿಯ ಮೆಲ್ಲನೆಯ ಒತ್ತಡಕ್ಕೆ ಒಂದು ಕಡೆ ಮೂಳೆ ಕರಗಿ, ಇನ್ನೊಂದು ಕಡೆ ಹೊಸ ಮೂಳೆ ಬೆಳೆದು ಹಲ್ಲು ಸರಿಯುತ್ತದೆ. ಆದ್ದರಿಂದಲೇ ಒಂದೂವರೆ ಎರಡು ವರ್ಷ ಬೇಕು. ನಾಲ್ಕರಿಂದ ಆರು ವಾರಕ್ಕೊಮ್ಮೆ ಹೋಗಬೇಕು. "ಮದುವೆಗೆ ಎರಡು ತಿಂಗಳಿದೆ, ಬೇಗ ಕ್ಲಿಪ್ ಹಾಕಿ" ಅಂದರೆ ಆಗುವ ಕೆಲಸವಲ್ಲ. ಜಾಗ ಸಾಲದಿದ್ದರೆ ಕೆಲವೊಮ್ಮೆ ಒಳ್ಳೆಯ ಹಲ್ಲನ್ನೇ ಕೀಳಬೇಕಾಗುತ್ತದೆ. ಯಾಕೆ ಎಂದು ಕೇಳಿ ತಿಳಿದುಕೊಳ್ಳಿ, ಸಂಕೋಚ ಬೇಡ. ಒಸಡು ಗಟ್ಟಿಯಿದ್ದರೆ ದೊಡ್ಡವರೂ ಹಾಕಿಸಬಹುದು.

4. ಪಾರದರ್ಶಕ ಅಲೈನರ್: ಕಣ್ಣಿಗೆ ಕಾಣದಂಥ ಪ್ಲಾಸ್ಟಿಕ್ ಕವಚ. ದಿನಕ್ಕೆ 20ರಿಂದ 22 ಗಂಟೆ ಹಾಕಿರಬೇಕು. ಸಾಮಾನ್ಯವಾಗಿ ಖರ್ಚು ಜಾಸ್ತಿ. ಎಲ್ಲ ತೊಂದರೆಗೂ ಆಗುವುದಿಲ್ಲ. ವೈದ್ಯರು ಬಾಯಿ ಪರೀಕ್ಷಿಸದೆ ತರಿಸಿಕೊಳ್ಳಬೇಡಿ.

5. ಶಸ್ತ್ರಚಿಕಿತ್ಸೆ: ದವಡೆಯ ಮೂಳೆಯಲ್ಲೇ ಹೆಚ್ಚಿನ ವ್ಯತ್ಯಾಸವಿದ್ದರೆ ಬೆಳವಣಿಗೆ ನಿಂತ ಮೇಲೆ ಮಾಡುತ್ತಾರೆ. ಅದರ ಹಿಂದೆ ಮುಂದೆ ಸಾಮಾನ್ಯವಾಗಿ ಕ್ಲಿಪ್ ಬೇಕಾಗುತ್ತದೆ.

ಕ್ಲಿಪ್ ತೆಗೆದ ಮೇಲೆ ರಿಟೇನರ್ ಹಾಕಿಕೊಳ್ಳಬೇಕು. ಬಹಳ ಜನ ಸೋಲುವುದು ಇಲ್ಲೇ. ಅದನ್ನು ಬಿಟ್ಟರೆ ಹಲ್ಲು ಹಳೆಯ ಜಾಗಕ್ಕೆ ವಾಲುತ್ತದೆ. ಹಣವೂ ಹೋಯಿತು, ಹಲ್ಲೂ ಹೋಯಿತು.

ಖರ್ಚಿನ ಚಿಂತೆ ನಮಗೆ ಗೊತ್ತು. ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು ಇದೆ. ಮಂಗಳೂರು, ಮಣಿಪಾಲ, ಧಾರವಾಡ, ದಾವಣಗೆರೆಗಳಲ್ಲೂ ದಂತ ಕಾಲೇಜುಗಳಿವೆ. ಇಂಥ ಕಡೆ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಕೊಡುತ್ತಾರೆ. ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ ಆಗುತ್ತದೆ. ಸಂಘದಲ್ಲಿ ಸಾಲ ಎತ್ತುವ ಮೊದಲು ಮೂರು ಪ್ರಶ್ನೆ ಕೇಳಿ: ರಿಟೇನರ್ ಸೇರಿ ಒಟ್ಟು ಎಷ್ಟು? ಕಂತಿನಲ್ಲಿ ಕಟ್ಟಬಹುದೇ? ಎಷ್ಟು ಸಲ ಬರಬೇಕು? ಬಸ್ ಚಾರ್ಜು, ಹೋಗುವ ದಿನದ ಕೂಲಿ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಅರ್ಧಕ್ಕೆ ಬಿಟ್ಟ ಕ್ಲಿಪ್ ಬಾಯಲ್ಲೇ ಉಳಿದರೆ ಅದರ ಸುತ್ತ ಹುಳುಕು ಹಿಡಿಯುತ್ತದೆ. ಪೂರ್ತಿ ಮಾಡಿಸಲು ಆಗದಿದ್ದರೆ ಶುರುಮಾಡಬೇಡಿ. ಸಂತೆಯಲ್ಲಿ ಕೂತು ಹಲ್ಲು ಉಜ್ಜಿ ಸಣ್ಣ ಮಾಡುವವರ ಹತ್ತಿರವಂತೂ ಹೋಗಲೇಬೇಡಿ.

ಇವತ್ತು ರಾತ್ರಿ ಊಟಕ್ಕೆ ಮೊದಲು ಮಕ್ಕಳನ್ನು ಬೆಳಕಿಗೆ ಕೂರಿಸಿ, ಹಿಂದಿನ ಹಲ್ಲು ಕಚ್ಚಿಸಿ ನೋಡಿ. ಮೇಲಿನ ಮುಂದಿನ ಹಲ್ಲುಗಳು ಕೆಳಗಿನವನ್ನು ಸ್ವಲ್ಪ ಮುಚ್ಚಿರಬೇಕು. ತೀರಾ ಮುಂದಿದ್ದರೆ, ಕೆಳಗಿನವೇ ಹೊರಗಿದ್ದರೆ, ನಡುವೆ ನಾಲಿಗೆ ತೂರುವಷ್ಟು ಸಂದಿಯಿದ್ದರೆ ವೈದ್ಯರಿಗೆ ತೋರಿಸಿ. ಬಾಯಿ ಮುಚ್ಚಿಕೊಂಡು ನಗುವ ಹುಡುಗಿಗೆ "ನಗಬೇಡ" ಅನ್ನಬೇಡಿ, "ತೋರಿಸೋಣ ಬಾ" ಅನ್ನಿ.